ಮಾವ ದಪ್ಪ, ಮಾವ ತೆಳು

ನನಗೆ ಓದಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಬಿ.ಎ. ಪಾಸಾಗಿದ್ದೇನೆ, ಮೂವತ್ತು ವರ್ಷಗಳಿಂದ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡು ಊರಿನವರ ಲಗ್ನಪತ್ರಿಕೆ, ಗೃಹಪ್ರವೇಶದ ಪತ್ರಿಕೆ, ವೈಕುಂಠ ಸಮಾರಾಧನೆಯ ಪತ್ರಿಕೆಗಳನ್ನೆಲ್ಲ ಕಂಪೋಸ್ ಮಾಡಿದ್ದೇನೆ, ಆದರೂ ಓದಲು ಬರುವುದಿಲ್ಲ. ಬರೆದದ್ದು ಏನಾದರೂ ಕಣ್ಣಿಗೆ ಬಿದ್ದರೆ ಅದರಲ್ಲಿ ಏನು ಬರೆದಿದೆ ಎಂಬುದು ನನಗೆ ಕಾಣುವುದೇ ಇಲ್ಲ, ಹೇಗೆ ಬರೆದಿದೆ ಎಂಬುದಷ್ಟೇ ಕಾಣುತ್ತದೆ. ದೇವಸ್ಥಾನಕ್ಕೆ ಹೋದರೆ ದೇವರಿಗೆ ಬೆನ್ನು ಹಾಕಿ ದಾನಿಗಳ ಪಟ್ಟಿಯ ಕಲ್ಲು ನೋಡುತ್ತಾ ನಿಲ್ಲುತ್ತೇನೆ. ಹೋದ ವರ್ಷ ಮನೆಗೆ ಒಂದು ಕಪ್ಪಂಚಿನ ಕಾರ್ಡು ಬಂತು. ಕೈಗೆತ್ತಿಕೊಂಡು, "ಅಯ್ಯೋ ಪಾಪ, ತಲೆಕಟ್ಟುಗಳೆಲ್ಲ ಒಂದಕ್ಕೊಂದು ಅಂಟಿಕೊಂಡುಬಿಟ್ಟಿವೆ" ಎಂದೆ. ಹೋದವರು ಯಾರು ಎಂದು ನನ್ನ ಹೆಂಡತಿ ವಿಜಯ ಕೇಳಿದಾಗ ಕಾರ್ಡನ್ನು ಮತ್ತೊಮ್ಮೆ ತೆಗೆದು ನೋಡಬೇಕಾಯಿತು. ಅವತ್ತಿನಿಂದ ನಮ್ಮ ಮನೆಗೆ ಬಂದ ಕಾಗದಪತ್ರಗಳನ್ನು ಮೊದಲು ಅವಳೇ ಓದುತ್ತಾಳೆ.

ಇಂಥ ನನ್ನ ಬಳಿ ಒಂದು ಅಕ್ಷರಜಾತಿ ಇದೆ. ಕಂಪ್ಯೂಟರಿನಲ್ಲಿ ಕುಟ್ಟಿದರೆ ಮೂಡುತ್ತದಲ್ಲ, ಆ ಫಾಂಟು. ಅದನ್ನು ನಾನೇ ತಯಾರಿಸಿದ್ದು ಎಂದು ಈಚಿನವರೆಗೂ ಎದೆಯುಬ್ಬಿಸಿ ಹೇಳುತ್ತಿದ್ದೆ. ಯಾವ ಅಲಂಕಾರವೂ ಇಲ್ಲದ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊರಗದ, ಮೊದಲಿಂದ ಕೊನೆಯವರೆಗೆ ಒಂದೇ ದಪ್ಪದಲ್ಲಿ ಸಾಗುವ ಅಕ್ಷರ. ಅದರ ಮೂಲ ನನ್ನ ಮಾವ ರಂಗಸ್ವಾಮಿಯವರ ಕೈಬರಹ. ಅವರು ಭದ್ರಾವತಿಯ ಕಾರ್ಖಾನೆಯಲ್ಲಿ ಬೋರ್ಡು ಬರೆಯುವ ಪೇಂಟರ್ ಆಗಿದ್ದವರು. "ಅಪಾಯ", "ತಲೆ ತಗ್ಗಿಸಿ ನಡೆಯಿರಿ", "ಹೊಗೆ ಸೇದಬಾರದು" ಎಂದು ಮೂವತ್ತೈದು ವರ್ಷ ಬರೆದು ನಿವೃತ್ತರಾದರು. ಫೈಲಿಗೆ ಒಂದು ಹೆಸರು ಕೊಡಲೇಬೇಕಾದಾಗ ಬೇರೇನೂ ಹೊಳೆಯದೆ "ಮಾವ" ಎಂದು ಇಟ್ಟೆ. ಆಮೇಲೆ ದಪ್ಪನೆಯದೊಂದು ಮಾಡಿದೆ, ಅದು ಮಾವ ದಪ್ಪ. ಸಣ್ಣನೆಯದು ಮಾವ ತೆಳು. ನನ್ನ ಗಿರಾಕಿಗಳಿಗೂ ಇದು ಬಾಯಿಪಾಠವಾಗಿ, ಹೋಟೆಲಿನವರು ಬಂದು "ಊಟ ಸಿದ್ಧವಿದೆ ಅನ್ನೋದು ಮಾವ ದಪ್ಪದಲ್ಲೇ ಇರ್ಲಿ ಸಾರ್" ಎನ್ನುತ್ತಾರೆ. ನಿಜವಾದ ಮಾವ ಕಡ್ಡಿಯ ಹಾಗಿದ್ದಾರೆ. ಒಮ್ಮೆ ಅಂಗಡಿಯಲ್ಲಿ ಕುಳಿತಿದ್ದಾಗ ಯಾರೋ ಬಂದು "ಮಾವ ಇನ್ನೂ ಸ್ವಲ್ಪ ಅಗಲ ಆಗ್ಬೇಕು" ಎಂದು ಹೇಳಿದ್ದನ್ನು ಕೇಳಿಸಿಕೊಂಡು, ಮನೆಗೆ ಬಂದು ಎರಡು ದಿನ ತುಪ್ಪ ಜಾಸ್ತಿ ಹಾಕಿಸಿಕೊಂಡರು.

ಈ ಅಕ್ಷರದ ಜೊತೆ ನನ್ನ ಮೊದಲ ಭೇಟಿ ನಡೆದದ್ದು ನನ್ನ ಮದುವೆಯ ದಿನವೇ. ಛತ್ರದ ಬಾಗಿಲಿಗೆ ಹಾಕುವ ಬೋರ್ಡನ್ನು ಬೇರೆಯವರ ಕೈಲಿ ಬರೆಸುವುದುಂಟೇ ಎಂದು ಮಾವನವರು ತಾವೇ ಬರೆದರು. ಹಳದಿ ಹಿನ್ನೆಲೆ, ಕಪ್ಪು ಅಕ್ಷರ. ಅವರಿಗೆ ಅದೊಂದೇ ರೀತಿ ಗೊತ್ತಿದ್ದದ್ದು. ಮದುವೆಯ ಫೋಟೋದಲ್ಲಿ ನನ್ನ ತಲೆಯ ಮೇಲೆ ನನ್ನ ಹೆಸರು, ಹೈಟೆನ್ಷನ್ ಕಂಬದ ಮೇಲೆ ಇರಬೇಕಾದದ್ದು ಅಲ್ಲಿಗೆ ಬಂದ ಹಾಗಿದೆ. ಕಾರ್ಖಾನೆಯಿಂದ ಬಂದಿದ್ದ ಅವರ ಸ್ನೇಹಿತರು ಬೋರ್ಡು ನೋಡಿದ ಕೂಡಲೇ ಬೀಡಿ ಆರಿಸಿ ಒಳಗೆ ಬಂದರೆಂದು ನನ್ನ ಅತ್ತೆ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಆ ಬೋರ್ಡುಗಳೆಲ್ಲ ತುಕ್ಕು ಹಿಡಿದು ಹೋಗುತ್ತಿವೆಯಲ್ಲ ಎಂದು ನನಗೆ ಅನ್ನಿಸಿ, ಭಾನುವಾರ ಬಂದರೆ ಮೊಬೈಲು ಹಿಡಿದು ಭದ್ರಾವತಿಯ ನ್ಯೂ ಟೌನ್ ಬೀದಿಗಳಲ್ಲಿ ಅಲೆದೆ. ಕ್ವಾರ್ಟರ್ಸಿನ ಬಾಗಿಲ ನಂಬರು, ನೀರಿನ ಟ್ಯಾಂಕಿನ ಎಚ್ಚರಿಕೆ, ಯಾವುದನ್ನೂ ಬಿಡಲಿಲ್ಲ. "ಛಾಯಾಚಿತ್ರ ತೆಗೆಯಬಾರದು" ಎಂಬ ಬೋರ್ಡಿನ ಛಾಯಾಚಿತ್ರ ತೆಗೆಯುವಾಗ ಒಬ್ಬ ವಾಚ್‌ಮನ್ ಕೈಗೆ ಸಿಕ್ಕಿಬಿದ್ದೆ. ನನಗೆ ಬೇಕಾಗಿರುವುದು ಇಡೀ ಬೋರ್ಡಲ್ಲ, "ಛ" ಮಾತ್ರ ಎಂದು ವಿವರಿಸಿದೆ. ಅವನು ನನ್ನನ್ನು ಬಿಟ್ಟ, ಆದರೆ ನನ್ನ ತಲೆ ಸರಿಯಿದೆ ಎಂದು ನಂಬಿ ಬಿಟ್ಟದ್ದಲ್ಲ. ಹೀಗೆ ಕೂಡಿಸಿದ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಗೆರೆ ಎಳೆದು ಫಾಂಟು ಮಾಡಲು ಎರಡು ವರ್ಷ ಹಿಡಿಯಿತು.

ಎಲ್ಲ ಸುಖವಾಗಿತ್ತು. ಆಗ ಮೇಘನಾ ಎಂಬ ಹುಡುಗಿಯ ಫೋನು ಬಂತು. ಕನ್ನಡದ ಒಳ್ಳೊಳ್ಳೆಯ ಫಾಂಟುಗಳನ್ನು ಒಂದು ಕಡೆ ಸೇರಿಸಿ ಎಲ್ಲರಿಗೂ ಸಿಗುವಂತೆ ಇಂಟರ್‌ನೆಟ್ಟಿನಲ್ಲಿ ಇಡುವ ಗುಂಪೊಂದರಲ್ಲಿ ಕೆಲಸ ಮಾಡುತ್ತಾಳಂತೆ. ಎಲ್ಲೋ ನಮ್ಮ ಮಾವ ದಪ್ಪವನ್ನು ನೋಡಿ ಮೆಚ್ಚಿದ್ದಾಳೆ. "ಸರ್, ಕನ್ನಡದಲ್ಲಿ ಇಷ್ಟು ಸೊಗಸಾದ ಸ್ಯಾನ್ಸ್ ಸೆರಿಫ್ ನಾನು ನೋಡಿಲ್ಲ" ಎಂದಳು. ಆ ಮಾತು ಕೇಳಿ ನಾನು ಕುರ್ಚಿಯಿಂದ ಎದ್ದು ನಿಂತೆ. ಅವಳಿಗೆ ಬೇಕಾಗಿದ್ದದ್ದು ಎರಡೇ. ಈ ಅಕ್ಷರದ ಮೂಲ ಮತ್ತು ವಿನ್ಯಾಸದ ಇತಿಹಾಸ ಮುನ್ನೂರು ಪದಗಳಲ್ಲಿ, ಮತ್ತು "ವಿನ್ಯಾಸಕಾರರು" ಎಂಬ ಜಾಗದಲ್ಲಿ ತುಂಬಲು ಒಂದು ಹೆಸರು. ಒಂದೇ ಹೆಸರು. ತಿಂಗಳ ಕೊನೆಯೊಳಗೆ ಕಳಿಸಬೇಕು.

ಆ ಒಂದು ಹೆಸರಿನ ಜಾಗ ನನ್ನ ನಿದ್ದೆ ಕೆಡಿಸಿತು. ಸುಳ್ಳೇಕೆ ಹೇಳಲಿ, ಅಲ್ಲಿ ನನ್ನ ಹೆಸರು ಇರಬೇಕೆಂದು ನನಗೆ ತೀರಾ ಆಸೆಯಾಯಿತು. ಮೂವತ್ತು ವರ್ಷ ಕಂಡವರ ಹೆಸರನ್ನೆಲ್ಲ ಬಂಗಾರದ ಬಣ್ಣದಲ್ಲಿ, ಗಣಪತಿಯ ಕೆಳಗೆ, ದೊಡ್ಡದಾಗಿ ಹಾಕಿಕೊಟ್ಟಿದ್ದೇನೆ. ಪತ್ರಿಕೆಯ ಬೆನ್ನಿಗೆ ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ನನ್ನ ಅಂಗಡಿಯ ಹೆಸರಿರುತ್ತದೆ, ಅದನ್ನೂ ಕೆಲವರು ಅಶುಭವೆನ್ನುವಂತೆ ತೆಗೆಸುತ್ತಾರೆ. ಇನ್ನೇನು ಅರವತ್ತು ಮುಟ್ಟುತ್ತೇನೆ. ನನ್ನ ಹೆಸರು ಯಾವುದಾದರೂ ಒಂದು ಕಡೆ ಸರಿಯಾದ ಅಳತೆಯಲ್ಲಿ ಬರುವುದು ಬೇಡವೇ?

ವಿಜಯಳಿಗೆ ವಿಷಯ ತಿಳಿಸಿದೆ. ಸ್ಯಾನ್ಸ್ ಸೆರಿಫ್ ಎಂದರೇನು ಎಂದು ಕೇಳಿದಳು. ಇಂಗ್ಲಿಷ್ ಅಕ್ಷರಗಳ ತುದಿಯಲ್ಲಿ ಸಣ್ಣ ಸಣ್ಣ ಪಾದಗಳಿರುತ್ತವೆ, ಅವಿಲ್ಲದವು ಸ್ಯಾನ್ಸ್ ಸೆರಿಫ್ ಎಂದೆ. ಕನ್ನಡದ ಅಕ್ಷರಕ್ಕೆ ಮೊದಲಿನಿಂದಲೂ ಪಾದವಿಲ್ಲವಲ್ಲ, ಇಲ್ಲದ್ದನ್ನು ತೆಗೆದು ಇವರೇನು ಸಾಧಿಸಿದರು ಎಂದಳು. ಹಾಗಲ್ಲ, ನಮ್ಮಲ್ಲಿ ಎಲ್ಲ ಕಡೆ ಒಂದೇ ದಪ್ಪ ಇರುವುದಕ್ಕೆ ಆ ಹೆಸರು ಬಳಕೆಗೆ ಬಂದಿದೆ ಎಂದು ಬಳಪದ ಕಾಲದಿಂದ ಶುರುಮಾಡಿ ವಿವರಿಸುತ್ತಾ ಹೋದೆ, ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ಅವಳು ಒಲೆ ಒರೆಸುತ್ತಾ, "ನಮ್ಮಪ್ಪ ಬರೆದ್ರು, ನೀವು ಕಾಪಿ ಹೊಡೆದ್ರಿ. ಇತಿಹಾಸ ಮುಗೀತಲ್ಲ. ಮುನ್ನೂರು ಪದ ಯಾಕೆ ಬೇಕು?" ಎಂದಳು. ಇಂಥ ಮನೆಯಲ್ಲಿ ಇದ್ದುಕೊಂಡು ಒಬ್ಬ ವಿನ್ಯಾಸಕಾರ ಬೆಳೆಯುವುದಾದರೂ ಹೇಗೆ ಎಂದು ರೇಗಿಹೋಯಿತು.

ಕಾಪಿ ಅಲ್ಲ ಎಂದು ತೋರಿಸುವುದಕ್ಕೋಸ್ಕರವೇ ಇತಿಹಾಸವನ್ನು ಸ್ವಲ್ಪ ಗಟ್ಟಿಯಾಗಿ ಬರೆದೆ. ಭದ್ರಾವತಿಯ ಹಳೇ ಊರಿನಲ್ಲಿ ಹೊಯ್ಸಳರ ಗುಡಿ ಇದೆ, ಅದರ ಕಂಬಗಳ ದುಂಡನ್ನು ತಂದು ಅಕ್ಷರದ ದುಂಡಿಗೆ ಸೇರಿಸಿದೆ. ಮಾವನವರ ಅಕ್ಷರಗಳಿಗೆ ಒಂದು ವಿಶೇಷವಿದೆ. ಅವುಗಳ ಹೊಟ್ಟೆ ದುಂಡಗಿದ್ದರೂ ಅಡಿಭಾಗ ಒಂಚೂರು ಚಪ್ಪಟೆ. ಹೊರಗಡೆಯ ಗೆರೆ ಕೆಳಗೆ ಬಂದು, ಸಾಕಪ್ಪಾ ಎಂದು ಕುಳಿತುಕೊಂಡ ಹಾಗೆ. ಈ ಚಪ್ಪಟೆಯ ಬಗ್ಗೆ ನಾನು ತಿಂಗಳುಗಟ್ಟಲೆ ಯೋಚಿಸಿದ್ದೆ. ಬೆಟ್ಟದಿಂದ ಇಳಿದ ಭದ್ರೆ ಹೊಳೆಹೊನ್ನೂರಿನ ಗದ್ದೆಬಯಲಿಗೆ ಬಂದು ಹೇಗೆ ನಿಧಾನವಾಗಿ ಮೈಚಾಚುತ್ತಾಳೋ ಹಾಗೆಯೇ ಈ ಅಕ್ಷರವೂ ನೆಲ ಮುಟ್ಟುವಲ್ಲಿ ಮೈಚಾಚುತ್ತದೆ ಎಂದು ಬರೆದೆ. ಬರೆದಾದ ಮೇಲೆ ಮೂರು ಸಲ ಓದಿಕೊಂಡೆ. ಕಣ್ಣು ತೇವವಾಯಿತು.

ಒಂದು ಮಾತು ಮಾವನವರ ಕಿವಿಗೂ ಹಾಕಿ, ಹೆಸರಿನ ವಿಚಾರವನ್ನು ಉಪಾಯವಾಗಿ ಬಗೆಹರಿಸಿಕೊಂಡು ಬರೋಣವೆಂದು ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಮಾವನವರಿಗೆ ಎಂಬತ್ತೆರಡು. ಕಿವಿ ಚೆನ್ನಾಗಿದೆ, ನೆನಪು ನನಗಿಂತ ಚೆನ್ನಾಗಿದೆ, ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸವಿಲ್ಲ. ಈ ಅಕ್ಷರಶೈಲಿ ನಿಮಗೆ ಹೇಗೆ ಹೊಳೆಯಿತು ಎಂದರೆ ಎನಾಮಲ್ ಪೇಂಟಿನ ಬಗ್ಗೆ ಹೇಳಿದರು. ಯಾರ ಪ್ರಭಾವ ಎಂದರೆ ಸೀಮೆಎಣ್ಣೆಯಲ್ಲಿ ಬ್ರಷ್ ತೊಳೆಯುವ ಕ್ರಮ ಹೇಳಿದರು. ನೀವು ವಿನ್ಯಾಸಕಾರರಲ್ಲವೇ ಎಂದರೆ, ಮಸ್ಟರ್ ರೋಲಿನಲ್ಲಿ ಪೇಂಟರ್ ಅಂತ ಇತ್ತು ಎಂದರು. ಒಳಗಿನಿಂದ ಅತ್ತೆ ಬಂದು, ಅಕ್ಷರದ ದುಂಡು ಅವರಿಗೆ ಬಂದದ್ದು ತಮ್ಮ ಚಕ್ಕುಲಿ ನೋಡಿ, ಮದುವೆಗೆ ಮುಂಚೆ ಅವರ ಅಕ್ಷರ ಕಾಗೆ ಕಾಲಿನ ಹಾಗಿತ್ತು ಎಂದು ಸಾಕ್ಷಿ ನುಡಿದು ಹೋದರು. ಮುನ್ನೂರು ಪದದೊಳಗೆ ಹೊಯ್ಸಳರು, ಭದ್ರೆ, ಚಕ್ಕುಲಿ ಮೂವರನ್ನೂ ಕೂರಿಸುವುದು ಹೇಗೆಂದು ನನಗೆ ತಲೆ ಚಿಟ್ಟು ಹಿಡಿಯಿತು. ಆದರೂ ತಾಳ್ಮೆ ತಂದುಕೊಂಡು ಬರೆದದ್ದನ್ನು ಓದತೊಡಗಿದೆ.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಸೆಲ್ವರಾಜ್ ಬಂದು ಬಾಗಿಲ ಬಳಿ ಕುಳಿತಿದ್ದರು. ಅವರು ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಮಾವನವರ ಜೊತೆ ದಿನಾ ಸಂಜೆ ವಾಕಿಂಗ್ ಹೋಗುವವರು. ಭದ್ರೆ ಮೈಚಾಚುವ ಜಾಗಕ್ಕೆ ನಾನು ಬಂದಾಗ ಅವರು ಕೈ ಎತ್ತಿದರು.

"ಸಾರ್, ಅದು ಭದ್ರೆ ಅಲ್ಲ. ಫೈಲ್ ಹಾಕಿ ತೇಯ್ದಿದ್ದು ನಾನು."

ನನಗೆ ಅರ್ಥವಾಗಲಿಲ್ಲ. ಮಾವನವರು ಎದ್ದು ಹೋಗಿ ಒಳಗಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದೆ ಸುರಿದರು. ಮೂರು ವಾಷರ್‌ಗಳು. ನಟ್ಟು ಬೋಲ್ಟಿನ ನಡುವೆ ಹಾಕುವ ಕಬ್ಬಿಣದ ಬಿಲ್ಲೆಗಳು, ದೊಡ್ಡದು, ನಡುವಿನದು, ಚಿಕ್ಕದು. ಸ್ಕ್ರಾಪಿನಲ್ಲಿ ಬಿದ್ದಿದ್ದನ್ನು ಸೆಲ್ವರಾಜ್ ಎತ್ತಿಕೊಟ್ಟದ್ದಂತೆ. ಬೋರ್ಡಿನ ಮೇಲೆ ವಾಷರ್ ಇಟ್ಟು ಪೆನ್ಸಿಲಿನಲ್ಲಿ ಹೊರಗೊಂದು ಸುತ್ತು, ತೂತಿನೊಳಗೊಂದು ಸುತ್ತು ಎಳೆದರೆ ಮಧ್ಯೆ ಉಳಿಯುವುದು ಒಂದೇ ದಪ್ಪದ ಬಳೆ. ಬೇಕಾದಷ್ಟು ಬಳೆ ಉಳಿಸಿಕೊಂಡು, ಬೇಡದ ಕಡೆ ಬಿಟ್ಟು, ಸ್ಟೀಲ್ ಸ್ಕೇಲಿನಲ್ಲಿ ತಲೆಕಟ್ಟು ಎಳೆದು ಬಣ್ಣ ತುಂಬಿದರೆ ಅಕ್ಷರ. ದುಂಡಗಿನ ವಾಷರ್ ಗೆರೆಯ ಮೇಲೆ ನಿಲ್ಲದೆ ಜಾರುತ್ತಿತ್ತೆಂದು ಸೆಲ್ವರಾಜ್ ತಮ್ಮ ಫೈಲಿನಿಂದ, ಅಂದರೆ ಕಬ್ಬಿಣ ಉಜ್ಜುವ ಅರದಿಂದ, ಒಂದು ಬದಿಯನ್ನು ಚಪ್ಪಟೆಯಾಗಿ ತೇಯ್ದುಕೊಟ್ಟರು. ಮೂರಕ್ಕೂ ಹಾಗೇ ಮಾಡಿದ್ದರು. ಆ ತೇಯ್ದ ಬದಿಯ ಸುತ್ತ ನಾನು ಮೌಸ್ ಹಿಡಿದು ಎರಡು ವರ್ಷ ನದಿಯನ್ನು ಹರಿಸಿದ್ದೆ.

ನನಗೆ ಸಿಟ್ಟು ಬಂತು. ಮೂವತ್ತು ವರ್ಷದಿಂದ ಅಳಿಯನಾಗಿದ್ದೇನೆ, ಎರಡು ವರ್ಷ ಇವರ ಅಕ್ಷರವನ್ನೇ ತಿದ್ದುತ್ತಾ ಕುಳಿತಿದ್ದೇನೆ, ಒಂದು ದಿನವಾದರೂ ಈ ಡಬ್ಬಿಯ ಸುದ್ದಿ ಹೇಳಬಾರದಿತ್ತೇ ಎಂದು ಕೇಳಿದೆ. ನೀವು ಕೇಳಲಿಲ್ಲವಲ್ಲ ಎಂದರು. ಹೋಗಲಿ, ಎಲ್ಲ ಪೇಂಟರುಗಳೂ ಕೈಯಲ್ಲೇ ಚೆಂದವಾಗಿ ಬರೆಯುತ್ತಾರೆ, ನಿಮಗೆ ಮಾತ್ರ ವಾಷರ್ ಏಕೆ ಬೇಕಾಯಿತು ಎಂದೆ. ಸ್ವಲ್ಪ ಚುಚ್ಚಿಯೇ ಕೇಳಿದೆ.

ಮಾವನವರು ದೊಡ್ಡ ವಾಷರನ್ನು ಪಂಚೆಯ ಅಂಚಿನಿಂದ ಒರೆಸುತ್ತಾ ಹೇಳಿದರು: "ಅಳಿಯಂದ್ರೇ, ಅಲ್ಲಿ ಎಷ್ಟೋ ಜನಕ್ಕೆ ಕನ್ನಡ ಓದೋಕೆ ಬರ್ತಿರ್ಲಿಲ್ಲ. ತಮಿಳಿನೋರು, ತೆಲುಗಿನೋರು, ಸ್ಕೂಲಿಗೇ ಹೋಗ್ದೆ ಇರೋ ನಮ್ಮೋರು. ಅವ್ರು ಅಕ್ಷರ ಓದ್ತಿರ್ಲಿಲ್ಲ, ಆಕಾರ ನೋಡಿ ಗುರುತು ಹಿಡೀತಿದ್ರು. ಒಂದು ಬೋರ್ಡಲ್ಲಿ ಅಪಾಯ ಒಂದು ಥರ, ಇನ್ನೊಂದ್ರಲ್ಲಿ ಇನ್ನೊಂದು ಥರ ಬರೆದ್ರೆ ಅವ್ರು ಏನ್ಮಾಡ್ಬೇಕು? ನನ್ನ ಕೈ ಒಂದೊಂದು ದಿನ ಒಂದೊಂದು ಥರ ಓಡ್ತದೆ. ವಾಷರ್ ಹಂಗಲ್ಲ."

"ನಾನೂ ಹಂಗೇ ಕಲ್ತಿದ್ದು ಸಾರ್" ಎಂದರು ಸೆಲ್ವರಾಜ್. "ಮೊದಲು ಓದಿದ ಕನ್ನಡ ಅಪಾಯ. ನಮ್ಮ ಹೆಂಡ್ತಿ ಹೆಸರು ಆಮೇಲೆ."

ನಾನು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಹೊಯ್ಸಳರ ವಿಚಾರವಾಗಿ ಮುಂದೆ ಓದಲು ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯಾದ ಮಾತ್ರಕ್ಕೆ ಆಸೆ ಹೋಗುತ್ತದೆಯೇ? ಕಾಫಿ ಕುಡಿಯುತ್ತಾ, ಹೆಸರಿನ ಜಾಗ ಒಂದೇ ಇದೆ, ಯಾರದು ಹಾಕೋಣ ಎಂದು ಕೇಳಿದೆ. ಸೆಲ್ವರಾಜ್ ನಕ್ಕು, ವಾಷರ್ ಕೊಟ್ಟಿದ್ದಕ್ಕೆಲ್ಲ ಹೆಸರು ಹಾಕ್ತಾರಾ ಎಂದರು. ಮಾವನವರು, ಅದು ಡ್ಯೂಟಿ, ಅದರಲ್ಲಿ ನಂದೇನಿದೆ, ಕಂಪ್ಯೂಟರಲ್ಲಿ ಮಾಡಿದ್ದು ನೀವು, ನಿಮ್ಮ ಹೆಸರೇ ಹಾಕ್ಕೊಳ್ಳಿ ಎಂದರು. ನಾನು ಎರಡು ಸಲ ಬೇಡವೆಂದೆ. ಮೂರನೆಯ ಸಲ ಹೇಳಲು ಧೈರ್ಯ ಸಾಲಲಿಲ್ಲ, ಎಲ್ಲಿ ಒಪ್ಪಿಬಿಡುತ್ತಾರೋ ಎಂದು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ನನ್ನ ಹೆಸರನ್ನು ಮಾವ ದಪ್ಪದಲ್ಲೂ ಮಾವ ತೆಳುವಿನಲ್ಲೂ ಮನಸ್ಸಿನಲ್ಲೇ ಹಾಕಿ ನೋಡಿಕೊಂಡೆ. ಎರಡೂ ಚೆನ್ನಾಗಿತ್ತು.

ಮನೆಯಲ್ಲಿ ಈ ತೀರ್ಮಾನ ಹೇಳಿದಾಗ ವಿಜಯ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ನನಗೆ ಊಟ ಸೇರುವುದಿಲ್ಲ. ಅಪ್ಪನೇ ಹೇಳಿದ್ದು ಎಂದು ಎರಡೆರಡು ಸಲ ನೆನಪಿಸಿದೆ. ಕೇಳಿಸಿತು ಎಂದಳು, ಅಷ್ಟೇ.

ಬುಧವಾರ ಮಾವನವರು ಕಣ್ಣಿನ ಪರೀಕ್ಷೆಗೆಂದು ಶಿವಮೊಗ್ಗಕ್ಕೆ ಬಂದರು. ಪೊರೆ ತೆಗೆಸಿ ಒಂದೂವರೆ ತಿಂಗಳಾಗಿತ್ತು. ಡಾಕ್ಟರು ಎಲ್ಲ ಸರಿಯಿದೆ ಎಂದು ಹೊಸ ಕನ್ನಡಕಕ್ಕೆ ಬರೆದುಕೊಟ್ಟರು, ಕನ್ನಡಕವೂ ಅವತ್ತೇ ಸಂಜೆಗೆ ಸಿಕ್ಕಿತು. ಅದನ್ನು ಹಾಕಿಕೊಂಡು ವಿಜಯಳ ಜೊತೆ ನಡೆದು ಅಂಗಡಿಗೆ ಬಂದರು. ಹೊಸ ಕಣ್ಣು, ಏನಾದರೂ ತೋರಿಸಬೇಕಲ್ಲ. ನಾನು ಮೇಘನಾಳಿಗೆ ಕಳಿಸಲು ಇಟ್ಟಿದ್ದ ಪೂರ್ತಿ ವರ್ಣಮಾಲೆಯನ್ನು ಪರದೆಯ ತುಂಬ ದೊಡ್ಡದು ಮಾಡಿ ತೆರೆದೆ. ಹೆಸರಿನ ಜಾಗ ಕೆಳಗೆ ಇತ್ತು, ಅದು ಕಾಣದ ಹಾಗೆ ಸ್ವಲ್ಪ ಮೇಲಕ್ಕೆ ಸರಿಸಿದೆ.

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕುಳಿತರು. ಆಮೇಲೆ ಬೆರಳು ತಂದು "ಅ" ಮೇಲೆ ಇಟ್ಟು, ಅದರ ಚಪ್ಪಟೆ ಅಡಿಯನ್ನು ಮುಟ್ಟಿ ನೋಡಿ, "ಇದು ನಂದು" ಎಂದರು. ನನಗೆ ಹೇಳಿದ್ದೂ ಅಲ್ಲ, ವಿಜಯಳಿಗೆ ಹೇಳಿದ್ದೂ ಅಲ್ಲ. ಬೆರಳು ಮುಂದಕ್ಕೆ ಹೋಯಿತು. "ಆ", ನಂದು. "ಇ", ನಂದು, ಇದಕ್ಕೆ ಚಿಕ್ಕ ವಾಷರ್. "ಉ", ನಂದು, ಉಗುಳಬಾರದು ಅಂತ ಬರೆದದ್ದು. ಭಾನುವಾರ ನಂದೇನಿದೆ ಎಂದಿದ್ದವರು ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ನಂದು, ನಂದು ಎನ್ನುತ್ತಾ ಹೋದರು. ಸಂತೆಯಲ್ಲಿ ತಮ್ಮ ದನಗಳನ್ನು ಗುರುತು ಹಿಡಿದು ಲೆಕ್ಕ ಹಾಕುವವರ ಹಾಗೆ, ಗಡಿಬಿಡಿಯಿಲ್ಲದೆ. ವಿಜಯ ಅವರ ಹಿಂದೆ ನಿಂತು ಪರದೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಒಂದು ಕಡೆ ಬೆರಳು ನಿಂತಿತು. "ಇದು ನಂದಲ್ಲ."

ಅದು "ೠ". ಆಮೇಲೆ "ಙ" ಬಂದಾಗ ನಿಂತಿತು, "ಝ" ಬಂದಾಗ ನಿಂತಿತು, "ಞ" ಬಂದಾಗಲೂ ನಿಂತಿತು. ಈ ನಾಲ್ಕು ಅಕ್ಷರ ಇಡೀ ನ್ಯೂ ಟೌನ್ ಜಾಲಾಡಿದರೂ ನನಗೆ ಸಿಕ್ಕಿರಲಿಲ್ಲ. ಕಾರ್ಖಾನೆಯಲ್ಲಿ ಯಾರಿಗೂ ಯಾವ ಎಚ್ಚರಿಕೆ ಕೊಡಲೂ ಅವು ಬೇಕಾಗಿರಲಿಲ್ಲ. ವರ್ಣಮಾಲೆ ಪೂರ್ತಿಯಾಗಲೆಂದು ನಾನೇ ಸ್ವಂತ ಬುದ್ಧಿಯಿಂದ ಬಿಡಿಸಿ ಸೇರಿಸಿದ್ದೆ. ಎಲ್ಲ ಒಂದೇ ಥರ ಇದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ನನಗೆ ಪೂರಾ ನಂಬಿಕೆಯಿತ್ತು.

ಮಾವನವರು "ಝ"ವನ್ನು ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ನೋಡಿದರು. "ಇದನ್ನ ಬರೆದೋರಿಗೆ ವಾಷರ್ ಹಿಡಿಯೋಕೆ ಬರಲ್ಲ" ಎಂದರು. ಬೈದದ್ದಲ್ಲ, ಒಬ್ಬ ಪೇಂಟರ್ ಇನ್ನೊಬ್ಬನ ಕೆಲಸದ ಬಗ್ಗೆ ಹೇಳುವಂತೆ ಹೇಳಿದರು. ಆಮೇಲೆ ಹಿಂದಕ್ಕೆ ಒರಗಿ, ಇಷ್ಟೂ ಒಂದೇ ಕಡೆ ಸೇರಿದ್ದನ್ನು ತಾವೂ ನೋಡಿರಲಿಲ್ಲ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಡಾಕ್ಟರು ಹಾಕಿದ ಔಷಧಿ ಎಂದರು.

ಅವರು ಮನೆಗೆ ಹೋದ ಮೇಲೆ ನಾನು ಪರದೆಯನ್ನು ಕೆಳಕ್ಕೆ ಸರಿಸಿ, ಹೆಸರಿನ ಜಾಗದಲ್ಲಿದ್ದ ನನ್ನ ಹೆಸರನ್ನು ಅಳಿಸಿದೆ. ಇದನ್ನು ದೊಡ್ಡ ತ್ಯಾಗವೆಂದು ಯಾರೂ ತಿಳಿಯಬೇಡಿ, ತುಂಬ ಹೊಟ್ಟೆ ಉರಿಯಿತು. ಅಲ್ಲಿ ರಂಗಸ್ವಾಮಿ ಎಂದು ಹಾಕಿದೆ. ಇತಿಹಾಸದಲ್ಲಿ ಹೊಯ್ಸಳರನ್ನೂ ಭದ್ರೆಯನ್ನೂ ಹೊಡೆದುಹಾಕಿ ಮೂರು ವಾಷರ್, ಒಂದು ಸ್ಟೀಲ್ ಸ್ಕೇಲು, ಸೆಲ್ವರಾಜರ ಫೈಲು, ಓದಲು ಬಾರದ ಜನ ಇಷ್ಟನ್ನು ಬರೆದೆ. ಮುನ್ನೂರು ಪದ ಬೇಕಾಗಲೇ ಇಲ್ಲ. ಮೇಘನಾ ಓದಿ ಕೂಡಲೇ ಫೋನು ಮಾಡಿದಳು. ಇಂಥ ಇತಿಹಾಸ ತಮ್ಮ ಸಂಗ್ರಹದಲ್ಲಿ ಯಾವ ಅಕ್ಷರಕ್ಕೂ ಇಲ್ಲ ಎಂದಳು. ಹಾಗಾದರೆ ನಿಮ್ಮ ಕೆಲಸವೇನೂ ಇಲ್ಲವೇ ಸರ್, ಅದನ್ನೂ ದಾಖಲಿಸಬೇಕು ಎಂದು ಅವಳೇ ಒತ್ತಾಯ ಮಾಡಿದ ಮೇಲೆ, ಕೆಳಗಡೆ ಸಣ್ಣದಾಗಿ ಒಂದು ಸಾಲು ಸೇರಿಸಲು ಒಪ್ಪಿಕೊಂಡೆ.

ಈಗ ಅದು ಇಂಟರ್‌ನೆಟ್ಟಿನಲ್ಲಿದೆ, ಯಾರು ಬೇಕಾದರೂ ನೋಡಬಹುದು. ಮೇಲೆ ಮಾವನವರ ಹೆಸರು ಮಾವ ದಪ್ಪದಲ್ಲಿ. ಕೆಳಗೆ ಮಾವ ತೆಳುವಿನಲ್ಲಿ, "ೠ, ಙ, ಝ, ಞ ಅಕ್ಷರಗಳ ವಿನ್ಯಾಸ: ಸತ್ಯನಾರಾಯಣ, ದುರ್ಗಿಗುಡಿ". ವಿಜಯ ಅದನ್ನು ಎಲ್ಲರಿಗೂ ಕಳಿಸಿದ್ದಾಳೆ, ಬಂದವರಿಗೆಲ್ಲ ಫೋನಿನಲ್ಲಿ ತೋರಿಸುತ್ತಾಳೆ, ನಮ್ಮ ಯಜಮಾನರೂ ವಿನ್ಯಾಸಕಾರರೇ ಎಂದು ನಗದೆ ಹೇಳುತ್ತಾಳೆ. ಮೊನ್ನೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ನನ್ನದೆಂದು ಹೇಳಿಕೊಳ್ಳುವ ಒಂದು ಪದವನ್ನಾದರೂ ಬರೆದು ನೋಡೋಣವೆಂದು ಆ ನಾಲ್ಕನ್ನೇ ತಿರುಗಿಸಿ ಮುರುಗಿಸಿ ಕುಟ್ಟುತ್ತಾ ಕುಳಿತೆ. ಏನೂ ಹುಟ್ಟಲಿಲ್ಲ. ಕೊನೆಗೆ ಬೇಸತ್ತು ನನ್ನ ಹೆಸರನ್ನೇ ಕುಟ್ಟಿದೆ. ಪರದೆಯ ಮೇಲೆ ಅದು ದುಂಡಗೆ, ಅಡಿ ಚಪ್ಪಟೆಯಾಗಿ, ಬಹಳ ಚೆನ್ನಾಗಿ ಮೂಡಿತು. ಅದರಲ್ಲಿ ನಾನು ಮಾಡಿದ ಅಕ್ಷರ ಒಂದೂ ಇರಲಿಲ್ಲ.